ಕಿತ್ತೂರು ನಾಡಿನ ಉಪದೇಶಿಗಳು: ಸ್ಥಳೀಯ ಕ್ರೈಸ್ತ ಸಭಿಕರ ಸೇವಾಶಿಕ್ಷಣದ ಇತಿಹಾಸ

1

ಕಿತ್ತೂರು ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವ ದಿನ 1824ನೆಯ ಅಕ್ಟೋಬರ್ 23. ಅಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಕಂಪನಿ ಸರಕಾರದ ಕೈಸೇರಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ದಿವಂಗತರಾದರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಗಳ ರಾಜಕೀಯ ಮಹತ್ವವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅದೇ ದಶಕಗಳಲ್ಲಿ, ಅದೇ ನಾಡಿನ ಎರಡು ಮಗ್ಗುಲುಗಳಲ್ಲಿ, ಸದ್ದುಗದ್ದಲವಿಲ್ಲದೆ ಆರಂಭವಾದ ಮತ್ತೊಂದು ಪ್ರಯತ್ನ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಹೊಸದಾಗಿ ಕ್ರೈಸ್ತಮತವನ್ನು ಸ್ವೀಕರಿಸಿದ ಸ್ಥಳೀಯರನ್ನು ತಮ್ಮ ಸಭೆಗಳ ಸೇವೆಗೆ ತಾವೇ ನಿಲ್ಲುವಂತೆ ಸಿದ್ಧಗೊಳಿಸುವ ಪ್ರಯತ್ನವೇ ಅದು.

ಕಿತ್ತೂರು ಧಾರವಾಡ ಮತ್ತು ಬೆಳಗಾವಿಗಳ ನಡುವಣ ಹೆದ್ದಾರಿಯ ಮೇಲಿದೆ. ಧಾರವಾಡದಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರು. ಬೆಳಗಾವಿಯಿಂದ ಸುಮಾರು 50. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ ಲಂಡನ್ ಮಿಶನ್ನಿನ ನೆಲೆ; ಧಾರವಾಡ ಬಾಸೆಲ್ ಮಿಶನ್ನಿನ ನೆಲೆ. ಕಿತ್ತೂರು, ಬೈಲಹೊಂಗಲ, ಸವದತ್ತಿಗಳು ಈ ಎರಡು ನೆಲೆಗಳ ನಡುವಿನ ನಾಡು. ಪಕ್ಕದ ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಈ ನಾಡಿನ ಹಳ್ಳಿಯ ಮನುಷ್ಯನು ಕ್ರೈಸ್ತ ಬೋಧನೆಯನ್ನು ಕೇಳಿದ್ದಾದರೆ, ಅದನ್ನು ಹೆಚ್ಚಾಗಿ ಕೇಳಿದ್ದು ವರ್ಷಕ್ಕೊಮ್ಮೆ ಕುದುರೆಯ ಮೇಲೆ ಬಂದುಹೋಗುವ ಐರೋಪ್ಯ ಪಾದ್ರಿಯ ಬಾಯಿಂದಲ್ಲ. ಸಂತೆ ಜಾತ್ರೆಗಳಲ್ಲಿ ನಿಂತು ತನ್ನ ಭಾಷೆಯಲ್ಲಿಯೇ ಮಾತನಾಡುತ್ತಿದ್ದ ಉಪದೇಶಿಯ ಬಾಯಿಂದ. ಈ ಉಪದೇಶಿಯನ್ನು ಯಾರು, ಹೇಗೆ, ಯಾವುದಕ್ಕಾಗಿ ಸಿದ್ಧಗೊಳಿಸಿದರು? ಅವನಿಗೆ ಕೊಟ್ಟ ಶಿಕ್ಷಣ ಯಾವುದು, ಕೊಡದೆ ಉಳಿಸಿಕೊಂಡದ್ದು ಯಾವುದು? ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಈ ವಿಚಾರದ ಮೂಲವನ್ನು ಅರಸುತ್ತ ಹೋದರೆ ನಾವು ಕನ್ನಡ ನಾಡನ್ನು ಬಿಟ್ಟು ಕ್ಷಣಕಾಲ ಬಂಗಾಳಕ್ಕೆ ಹೋಗಬೇಕಾಗುತ್ತದೆ. 1792ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಬ್ಯಾಪ್ಟಿಸ್ಟ್ ಮಿಶನರಿ ಸಂಘದ ವಿಲಿಯಂ ಕೇರಿ ಮರುವರ್ಷ ಬಂಗಾಳಕ್ಕೆ ಬಂದರು. 1800ರಲ್ಲಿ ಅವರು ಮಾರ್ಷ್‌ಮನ್ ಮತ್ತು ವಾರ್ಡ್ ಅವರೊಡನೆ, ಆಗ ಡೇನ್ ಜನರ ಅಧೀನದಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆಸಿದರು. ಆ ವರ್ಷದ ಕೊನೆಯಲ್ಲಿ ಅಲ್ಲಿ ದೀಕ್ಷಾಸ್ನಾನ ಹೊಂದಿದ ಕೃಷ್ಣಪಾಲ ಎಂಬವನು ಬಡಗಿ. ಮುಂದೆ ಅವನೇ ಬೋಧಕನಾದನು. 1805ರಲ್ಲಿ ಶ್ರೀರಾಮಪುರದ ಮಿಶನರಿಗಳು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯಲ್ಲಿ, ಈ ದೇಶದ ಸಹೋದರರ ಶಕ್ತಿಗಳನ್ನು ಬೆಳೆಸಿ, ಇಲ್ಲಿಯ ಸಭೆಗಳಿಗೆ ಇಲ್ಲಿಯವರೇ ಪಾಲಕರಾಗುವಂತೆ ಮಾಡುವುದು ತಮ್ಮ ಕರ್ತವ್ಯವೆಂದು ಒಪ್ಪಿಕೊಂಡರು. ದೂರದೇಶದಿಂದ ಬರುವ ಕೆಲವೇ ಮಂದಿಯಿಂದ ಇಷ್ಟು ದೊಡ್ಡ ದೇಶದ ಕೆಲಸವಾಗದೆಂಬ ಲೆಕ್ಕ ಅದರಲ್ಲಿತ್ತು. ಸಭೆಯೆಂಬುದು ತನ್ನ ಸದಸ್ಯರಿಂದಲೇ ನಡೆಯತಕ್ಕದ್ದೆಂಬ ಬ್ಯಾಪ್ಟಿಸ್ಟರ ಮೂಲನಂಬಿಕೆಯೂ ಅದರ ಹಿಂದಿತ್ತು. 1818ರಲ್ಲಿ ಅವರು ಸ್ಥಾಪಿಸಿದ ಕಾಲೇಜು ಇದೇ ವಿಚಾರದ ಮುಂದುವರಿಕೆ. 1827ರಲ್ಲಿ ಡೆನ್ಮಾರ್ಕಿನ ರಾಜನಿಂದ ಅದಕ್ಕೆ ಸನ್ನದು ದೊರೆಯಿತು.

ಕನ್ನಡಕ್ಕೂ ಶ್ರೀರಾಮಪುರಕ್ಕೂ ನೇರವಾದ ಸಂಬಂಧವುಂಟು. ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ 1812ರ ಮಾರ್ಚಿಯಲ್ಲಿ ಅಲ್ಲಿಯ ಮುದ್ರಣಾಲಯಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಅವರು ಧೈರ್ಯಗೆಡದೆ ಕೆಲಸವನ್ನು ಮರಳಿ ಕೈಗೆತ್ತಿಕೊಂಡು, 1817ರಲ್ಲಿ ಕನ್ನಡ ವ್ಯಾಕರಣವನ್ನೂ ಮುಂದಿನ ದಶಕದ ಆರಂಭದಲ್ಲಿ ಕನ್ನಡ ಹೊಸ ಒಡಂಬಡಿಕೆಯನ್ನೂ ಹೊರತಂದರು. ಕನ್ನಡ ನಾಡನ್ನು ಕಣ್ಣಾರೆ ಕಾಣದ ಮನುಷ್ಯನು ಪಂಡಿತರ ನೆರವಿನಿಂದ ಮಾಡಿದ ಕೆಲಸವಿದು. ಅದೇ ವೇಳೆಗೆ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಜನರ ನಡುವೆಯೇ ಇದ್ದುಕೊಂಡು ಭಾಷಾಂತರದಲ್ಲಿ ತೊಡಗಿದ್ದರು. ಕನ್ನಡದಲ್ಲಿ ಸತ್ಯವೇದ ಸಂಪೂರ್ಣವಾಗಿ ಪ್ರಕಟವಾದದ್ದು 1831ರಲ್ಲಿ, ಅವರ ಪರಿಶ್ರಮದಿಂದ. ಶ್ರೀರಾಮಪುರದಿಂದ ಕನ್ನಡ ನಾಡಿಗೆ ಮೊದಲು ಬಂದದ್ದು ಪುಸ್ತಕ; ಸ್ಥಳೀಯರೇ ಸಭೆಯನ್ನು ನಡೆಸಬೇಕೆಂಬ ಅಲ್ಲಿಯ ವಿಚಾರ ಸಂಸ್ಥೆಯ ರೂಪದಲ್ಲಿ ಇಲ್ಲಿಗೆ ಬರಲು ಮತ್ತೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ನಡುವಣ ಕಾಲದ ಕತೆಯೇ ಉಪದೇಶಿಗಳ ಕತೆ.

3

ಪೇಶವೆಯ ಆಳಿಕೆ 1818ರಲ್ಲಿ ಕೊನೆಗೊಂಡು ಬೆಳಗಾವಿಯಲ್ಲಿ ಕಂಪನಿಯ ದಂಡು ಬೀಡುಬಿಟ್ಟ ಮೇಲೆ, 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಅಲ್ಲಿಗೆ ಬಂದರು. ಗಮನಿಸತಕ್ಕ ಸಂಗತಿಯೇನೆಂದರೆ, ಟೇಲರ್ ಭಾರತದಲ್ಲಿಯೇ ಹುಟ್ಟಿ, ಬಳ್ಳಾರಿಯ ಮಿಶನ್ನಿನಲ್ಲಿಯೇ ನಂಬಿಕೆಗೆ ಬಂದು, ಅಲ್ಲಿಯೇ ಕೆಲಸ ಕಲಿತವರು. ಬೆಳಗಾವಿಯ ಮೊದಲ ಮಿಶನರಿಯೇ ಸ್ಥಳೀಯ ಶಿಕ್ಷಣದ ಫಲವೆಂದು ಹೇಳಬಹುದು. ಅನಂತರ ವಿಲಿಯಂ ಬೆಯ್ನನ್ ಅವರನ್ನು ಕೂಡಿಕೊಂಡರು. 1832ರಲ್ಲಿ ಆರಂಭವಾದ ಅವರ ಶಾಲೆ ಇಂದಿಗೂ ಬೆಯ್ನನ್ ಸ್ಮಿತ್ ಎಂಬ ಹೆಸರಿನಿಂದ ನಡೆಯುತ್ತಿದೆ.

ಬಾಸೆಲ್ ಮಿಶನ್ ಭಾರತಕ್ಕೆ ಬಂದದ್ದು 1834ರಲ್ಲಿ. ಅದರ ಮೊದಲ ನೆಲೆ ಮಂಗಳೂರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅದರ ಕೇಂದ್ರಗಳಾದವು. ಹುಬ್ಬಳ್ಳಿಯ ಸುತ್ತಮುತ್ತ ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಗುಂಪಿನವರು 1839-40ರ ಸುಮಾರಿಗೆ ಮಿಶನರಿಗಳ ಸಂಪರ್ಕಕ್ಕೆ ಬಂದರು. ತಮ್ಮ ಗುರುಗಳು ಮುಂದೆ ಬರುವುದೆಂದು ಹೇಳಿದ್ದ ಧರ್ಮ ಇದೇ ಇರಬಹುದೆಂದು ಅವರು ಬಗೆದಿದ್ದರು. ಮಿಶನರಿಗಳ ಆಸೆ ಬೆಟ್ಟದಷ್ಟು ಬೆಳೆಯಿತು. ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನು ಅವರು ಸಿದ್ಧಪಡಿಸಿದರು. ಆದರೆ ನಿರೀಕ್ಷಿಸಿದಂತೆ ಗುಂಪುಗುಂಪಾಗಿ ಜನ ಬರಲಿಲ್ಲ. ಕಾಲಜ್ಞಾನದ ಪರಿಭಾಷೆಯನ್ನೂ ಲಿಂಗಾಯತ ಸಂಪ್ರದಾಯವನ್ನೂ ಒಳಗಿನಿಂದ ಬಲ್ಲ, ಎರಡು ಕಡೆಯವರಿಗೂ ನಂಬಿಕೆಯವನಾದ ಒಬ್ಬ ಸ್ಥಳೀಯ ಮನುಷ್ಯನು ನಡುವೆ ಇಲ್ಲದಿದ್ದುದು ಈ ನಿರಾಶೆಗೆ ಒಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಪಾದ್ರಿಗೆ ಪದಗಳ ಅರ್ಥ ತಿಳಿದಿತ್ತು. ಪದಗಳ ಹಿಂದಿನ ಪರಂಪರೆ ತಿಳಿದಿರಲಿಲ್ಲ.

ಇನ್ನೊಂದು ಕಷ್ಟವೂ ಇತ್ತು. ಕಿತ್ತೂರಿನ ಕೋಟೆ ಕೆಡವಿದ ನೆನಪು ಹಸಿಯಾಗಿದ್ದ ಕಾಲದಲ್ಲಿ ಬಿಳಿಯ ಬೋಧಕನನ್ನು ಜನ ದೊರೆಗಳ ಕಡೆಯವನೆಂದೇ ತಿಳಿಯುವುದು ಸಹಜ. ಬಾಸೆಲಿನವರು ಜರ್ಮನಿ ಸ್ವಿಟ್ಜರ್ಲೆಂಡುಗಳವರು, ಕಂಪನಿಯ ನೌಕರರಲ್ಲ ಎಂಬ ಭೇದ ಹಳ್ಳಿಯವನಿಗೆ ತಿಳಿಯುವಂತಹುದಲ್ಲ. ಅವರೊಡನೆ ನಿಂತ ಉಪದೇಶಿಯೂ ‘ನೀನು ಯಾರ ಮನುಷ್ಯ?’ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕಾಗಿತ್ತು. ಈ ಪ್ರಶ್ನೆ ಮುಂದೆ ಒಂದು ಶತಮಾನದವರೆಗೆ ಅವನನ್ನು ಬಿಡಲಿಲ್ಲ.

4

ಬಾಸೆಲ್ ಮಿಶನ್ನಿನ ಶಿಕ್ಷಣವ್ಯವಸ್ಥೆಗೆ ಅಡಿಪಾಯ ಹಾಕಿದವರು 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಆದಿಪುರುಷರಾದ ಅವರು, ಹುಡುಗರ ವಸತಿಶಾಲೆಯನ್ನು ಬೆಳೆಸಿ, ಅದರ ಮೇಲಣ ಮೆಟ್ಟಿಲಾಗಿ ಉಪದೇಶಿಗಳ ಶಿಕ್ಷಣಾಲಯವನ್ನು ರೂಪಿಸಿದರು. ಬಲ್ಮಠದ ಈ ಸೆಮಿನರಿಯ ಆರಂಭವನ್ನು 1847ರಿಂದ ಎಣಿಸುವುದು ವಾಡಿಕೆ. ಧಾರವಾಡ ಹುಬ್ಬಳ್ಳಿಗಳ ಕಡೆಯ ಹುಡುಗರೂ ಉಪದೇಶಿಗಳಾಗಬೇಕಾದರೆ ಘಟ್ಟ ಇಳಿದು ಅಲ್ಲಿಗೇ ಹೋಗಬೇಕಾಗಿತ್ತು.

ಈ ಪ್ರಯಾಣದ ಅರ್ಥವನ್ನು ಸ್ವಲ್ಪ ಆಲೋಚಿಸಬೇಕು. ಜೋಳದ ರೊಟ್ಟಿ ತಿಂದು ಬೆಳೆದ ಬಯಲುಸೀಮೆಯ ತರುಣನು ಕುಚ್ಚಲಕ್ಕಿಯ ಗಂಜಿ ಉಣ್ಣುವ ನಾಡಿಗೆ, ಬೀದಿಯಲ್ಲಿ ತುಳು ಕೊಂಕಣಿಗಳನ್ನಾಡುವ ಊರಿಗೆ, ವರ್ಷಗಟ್ಟಲೆ ಇರಲು ಹೋಗುತ್ತಿದ್ದನು. ಅಲ್ಲಿ ಅವನಿಗೆ ಸತ್ಯವೇದದ ವ್ಯಾಖ್ಯಾನ, ಸಭೆಯ ಇತಿಹಾಸ, ಬೋಧನೆಯ ಕ್ರಮ ಮುಂತಾದ ವಿಷಯಗಳಲ್ಲಿ ಶಿಸ್ತಿನ ಶಿಕ್ಷಣ ದೊರೆಯುತ್ತಿತ್ತು. ಪಾಠ ನಡೆಯುತ್ತಿದ್ದುದು ಕನ್ನಡದಲ್ಲಿ. ಇದು ಸಣ್ಣ ಮಾತಲ್ಲ. ಉಚ್ಚ ಶಿಕ್ಷಣಕ್ಕೆ ಇಂಗ್ಲಿಷೇ ಮಾಧ್ಯಮವೆಂಬ ಭಾವನೆ ದೇಶದಲ್ಲಿ ಬೇರೂರುತ್ತಿದ್ದ ಕಾಲದಲ್ಲಿ, ದೇವಜ್ಞಾನದಂತಹ ಸೂಕ್ಷ್ಮ ವಿಷಯವನ್ನು ಕನ್ನಡದಲ್ಲಿ ಕಲಿಸಬಹುದೆಂದು ಈ ಶಾಲೆ ತೋರಿಸಿತು. ಸೇವೆಗೆ ಬೇಕಾದ ಸಾಮಗ್ರಿಯೂ ಕನ್ನಡದಲ್ಲಿಯೇ ಸಿದ್ಧವಾಯಿತು. 1862ರಲ್ಲಿ ಫರ್ಡಿನಂಡ್ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸುಗಳಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ರಚಿಸಿದರು. ಹರಿಕಥೆ ಪುರಾಣಗಳನ್ನು ಕೇಳಿ ಬೆಳೆದ ಜನರಿಗೆ ಗದ್ಯದ ಪ್ರಸಂಗಕ್ಕಿಂತ ಹಾಡಿನ ಕಥೆ ಹತ್ತಿರವೆಂಬುದನ್ನು ಅವರು ಅರಿತಿದ್ದರು.

ಆದರೆ ಇದೇ ವ್ಯವಸ್ಥೆಯ ಮಿತಿಯನ್ನೂ ಕಾಣಬೇಕು. ಶಿಕ್ಷಣ ಮುಗಿಸಿ ಮರಳಿ ಬಂದ ಉಪದೇಶಿ ಮಾಡಬೇಕಾಗಿದ್ದ ಕೆಲಸ ವಿವಿಧ: ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿಸುವುದು, ರೋಗಿಗಳನ್ನು ಕಾಣುವುದು, ದೀಕ್ಷೆಗೆ ಬಂದವರನ್ನು ಸಿದ್ಧಪಡಿಸುವುದು, ಸತ್ತವರನ್ನು ಹೂಳುವುದು, ಕುಟುಂಬಗಳ ವ್ಯಾಜ್ಯ ಬಿಡಿಸುವುದು, ಪತ್ರ ಬರೆದುಕೊಡುವುದು, ಲೆಕ್ಕ ಇಡುವುದು. ಇವನ್ನು ಮಾಡುವವನು ಅವನೇ. ಆದರೆ ಸಭೆಗೆ ಯಾರನ್ನು ಸೇರಿಸಬೇಕು, ಯಾರನ್ನು ಹೊರಗಿಡಬೇಕು, ಹಣವನ್ನು ಹೇಗೆ ವಿನಿಯೋಗಿಸಬೇಕು, ಉಪದೇಶಿಯನ್ನೇ ಯಾವ ಊರಿಗೆ ವರ್ಗ ಮಾಡಬೇಕು ಎಂಬುದನ್ನು ನಿಶ್ಚಯಿಸುವವರು ಮಿಶನರಿಗಳು. ಗುರುದೀಕ್ಷೆ ದೊರೆಯುತ್ತಿದ್ದುದು ಕೆಲವರಿಗೆ, ಅದೂ ಬಹುವರ್ಷಗಳ ಸೇವೆಯ ಅನಂತರ.

ಇದಕ್ಕೊಂದು ಅಪವಾದವನ್ನು ನೋಡಿದರೆ ನಿಯಮ ಇನ್ನೂ ಸ್ಪಷ್ಟವಾಗುತ್ತದೆ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ, ಅಲ್ಲಿಯ ಶಿಕ್ಷಣಾಲಯದಲ್ಲಿ ಓದಿ, 1851ರಲ್ಲಿ ದೀಕ್ಷಿತ ಮಿಶನರಿಯಾಗಿ ಮರಳಿ ಬಂದರು. 1893ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ದೊರೆತ ಸ್ಥಾನ ಬಲ್ಮಠದಲ್ಲಿ ಓದಿದ ಉಪದೇಶಿಗಳಿಗೆ ದೊರೆಯಲಿಲ್ಲ. ಅಧಿಕಾರ ಬಾಸೆಲಿನಿಂದ ಬರುತ್ತಿತ್ತು, ಬಲ್ಮಠದಿಂದ ಬರುತ್ತಿರಲಿಲ್ಲ ಎಂಬುದೇ ಇದರ ತಾತ್ಪರ್ಯ.

5

ಉಪದೇಶಿಯನ್ನು ಹಳ್ಳಿಯ ಜನ ಯಾವುದರೊಡನೆ ಹೋಲಿಸಿ ನೋಡುತ್ತಿದ್ದರು ಎಂಬುದೂ ವಿಚಾರಾರ್ಹವಾಗಿದೆ. ಕಿತ್ತೂರು ನಾಡು ಮಠಗಳ ನಾಡು. ಕಿತ್ತೂರಿನ ಕಲ್ಮಠ, ಧಾರವಾಡದ ಮುರುಘಾಮಠ ಮೊದಲಾದವು ಹುಡುಗರಿಗೆ ಆಶ್ರಯವಿತ್ತು, ವಿದ್ಯೆ ಕಲಿಸಿ, ಧರ್ಮಸೇವೆಗೆ ಸಿದ್ಧಪಡಿಸುವ ಸಂಸ್ಥೆಗಳೇ. ಆದ್ದರಿಂದ ಊರಿಗೊಬ್ಬ ಬೋಧಕನು, ಅವನಿಗೊಂದು ಶಿಕ್ಷಣಾಲಯ ಎಂಬ ಕಲ್ಪನೆ ಇಲ್ಲಿಯ ಜನರಿಗೆ ಹೊಸದಾಗಿರಲಿಲ್ಲ. ಆದರೆ ಇವೆರಡರಲ್ಲಿ ಒಂದು ಮೂಲಭೂತವಾದ ಭೇದವಿದೆ. ಜಂಗಮನು ಕಂತಿಭಿಕ್ಷೆಗೆ ಹೋಗುತ್ತಾನೆ. ಭಕ್ತರ ಮನೆಯ ರೊಟ್ಟಿಯಿಂದ ಅವನ ಜೋಳಿಗೆ ತುಂಬುತ್ತದೆ. ಅವನನ್ನು ಸಾಕುವವರು ಯಾರೋ ಅವರ ನಡುವೆಯೇ ಅವನ ಸೇವೆ. ಅವನು ತಪ್ಪಿದರೆ ಜೋಳಿಗೆ ಬರಿದಾಗುತ್ತದೆ. ಉಪದೇಶಿಯ ಸಂಬಳ ಮಿಶನ್ನಿನ ಖಜಾನೆಯಿಂದ ಬರುತ್ತಿತ್ತು. ಅವನು ಜನರ ನಡುವೆ ಇದ್ದನು, ಆದರೆ ಜನರ ಅನ್ನದಿಂದ ಬದುಕಲಿಲ್ಲ. ಜನರಿಗೆ ಉತ್ತರ ಕೊಡಬೇಕಾದ ಹೊಣೆಗಿಂತ ಮಿಶನ್ನಿಗೆ ವರದಿ ಒಪ್ಪಿಸಬೇಕಾದ ಹೊಣೆಯೇ ಹೆಚ್ಚಾಯಿತು. ‘ನೀನು ಯಾರ ಮನುಷ್ಯ?’ ಎಂಬ ಪ್ರಶ್ನೆಗೆ ಉತ್ತರ ಸಂಬಳದ ವಹಿಯಲ್ಲಿ ಬರೆದಿತ್ತು.

ಇದಕ್ಕೆ ಉಪದೇಶಿಯನ್ನು ಹೊಣೆಮಾಡುವುದು ನ್ಯಾಯವಾಗದು. ದೀಕ್ಷೆ ಪಡೆದವನು ಅನೇಕ ವೇಳೆ ಮನೆ, ಹೊಲ, ಬಂಧುವರ್ಗಗಳನ್ನು ಕಳೆದುಕೊಳ್ಳುತ್ತಿದ್ದನು. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗಬಾರದೆಂದು 1850ರಲ್ಲಿ ಕಾನೂನು ಬಂದರೂ, ಕಾನೂನಿನ ಹಕ್ಕು ಬೇರೆ, ಊರ ಬಾವಿಯಲ್ಲಿ ನೀರು ಸೇದುವ ಹಕ್ಕು ಬೇರೆ. ಬಡ ಸಭೆಗಳು ತಮ್ಮ ಬೋಧಕನನ್ನು ತಾವೇ ಸಾಕುವ ಸ್ಥಿತಿಯಲ್ಲಿರಲಿಲ್ಲ. ಬಾಸೆಲ್ ಮಿಶನ್ ನೇಯ್ಗೆ, ಹೆಂಚುಗಳ ಕಾರಖಾನೆಗಳನ್ನು ತೆರೆದದ್ದು ಸಭಿಕರಿಗೆ ಸ್ವಂತ ದುಡಿಮೆಯ ದಾರಿ ತೋರಿಸಬೇಕೆಂದೇ. ಆದರೆ ಅಲ್ಲಿಯೂ ಒಡೆತನ ಮಿಶನ್ನಿನದು. ಪಾದ್ರಿಯ ಸಂಸ್ಥೆಯೇ ಧಣಿಯೂ ಆದುದರಿಂದ ಸಭೆಯ ಅವಲಂಬನೆ ಕಡಿಮೆಯಾಗುವ ಬದಲು ಇನ್ನೊಂದು ರೂಪ ತಾಳಿತು.

ಇಲ್ಲಿ ಸ್ತ್ರೀಯರ ಸೇವೆಯನ್ನೂ ಸ್ಮರಿಸುವುದು ಅವಶ್ಯ. ಗಂಡಸರಾದ ಉಪದೇಶಿಗಳು ಕಾಲಿಡಲಾಗದ ಒಳಮನೆಗಳಿಗೆ ಬೈಬಲ್ ಸ್ತ್ರೀಯರು ಹೋಗುತ್ತಿದ್ದರು; ಓದು, ಹೊಲಿಗೆ, ಶಿಶುಪಾಲನೆಗಳನ್ನು ಕಲಿಸುತ್ತಿದ್ದರು. ಅವರಲ್ಲಿ ಅನೇಕರು ವಿಧವೆಯರು. ಅವರ ಶಿಕ್ಷಣ ಸೆಮಿನರಿಯಲ್ಲಿ ಆದದ್ದಲ್ಲ. ಮಿಶನರಿಗಳ ಪತ್ನಿಯರ ಹಾಗೂ ಮಹಿಳಾ ಮಿಶನರಿಗಳ ಜೊತೆಯಲ್ಲಿ ತಿರುಗಿ ಕಲಿತದ್ದು. ಪದವಿಯಲ್ಲಿ ಎಲ್ಲರಿಗಿಂತ ಕೆಳಗಿದ್ದ ಇವರ ಶಿಕ್ಷಣವೇ ಜನಜೀವನಕ್ಕೆ ಎಲ್ಲಕ್ಕಿಂತ ಹತ್ತಿರವಾಗಿತ್ತೆಂಬುದು ವಿಚಿತ್ರವಾದರೂ ಸತ್ಯ.

6

ಇದೇ ಕಾಲದಲ್ಲಿ ನೆರೆಯ ತೆಲುಗು ನಾಡಿನಲ್ಲಿ ನಡೆದುದನ್ನು ಇದರೊಡನೆ ಹೋಲಿಸಬಹುದು. ಒಂಗೋಲಿನಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನ್ನಿನ ಜಾನ್ ಕ್ಲೌ 1866ರಿಂದ ಕೆಲಸ ಮಾಡುತ್ತಿದ್ದರು. ಅಲ್ಲಿ ಮಾದಿಗ ಸಮುದಾಯದ ಯರ್ರಗುಂಟ್ಲ ಪೇರಯ್ಯ ಎಂಬವರು ತಮ್ಮವರ ನಡುವೆ ತಾವೇ ಬೋಧಿಸತೊಡಗಿದರು. ಚರ್ಮದ ವ್ಯಾಪಾರಕ್ಕಾಗಿ ಹಳ್ಳಿಹಳ್ಳಿ ತಿರುಗುತ್ತಿದ್ದ ಅವರಿಗೆ ಜನರ ಪರಿಚಯ ಮೊದಲೇ ಇತ್ತು. ಸೆಮಿನರಿ ರಾಮಾಪಟ್ಟಣದಲ್ಲಿ ಆರಂಭವಾದದ್ದು 1870ರ ದಶಕದಲ್ಲಿ. ಅಂದರೆ ಕೆಲಸ ಮೊದಲು, ಶಾಲೆ ಅನಂತರ. 1876-78ರ ಮಹಾಕ್ಷಾಮದಲ್ಲಿ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದರು. ಸ್ಥಳೀಯ ಬೋಧಕರು ಅಲ್ಲಿ ಮೇಸ್ತ್ರಿಗಳಾಗಿಯೂ ಸಂತೈಸುವವರಾಗಿಯೂ ದುಡಿದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಹೊಂದಿದರು. ಆ ದೀಕ್ಷೆಯನ್ನು ಕೊಟ್ಟವರು ಕ್ಲೌ ಅಲ್ಲ; ಗುರುದೀಕ್ಷೆ ಹೊಂದಿದ್ದ ಆರು ಮಂದಿ ಸ್ಥಳೀಯ ಬೋಧಕರು, ಇಬ್ಬಿಬ್ಬರಾಗಿ ಸರದಿಯಿಂದ ನೀರಿನಲ್ಲಿ ನಿಂತು ಅದನ್ನು ನೆರವೇರಿಸಿದರು.

ಅದೇ ಕ್ಷಾಮ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳನ್ನೂ ಸುಟ್ಟಿತು. ಇಲ್ಲಿಯೂ ಮಿಶನ್ ಅನಾಥಮಕ್ಕಳನ್ನು ಸಾಕಿತು, ಹಸಿದವರಿಗೆ ನೆರವಾಯಿತು. ಆದರೆ ಒಂಗೋಲಿನಂತಹ ಚಳವಳಿ ಇಲ್ಲಿ ಹುಟ್ಟಲಿಲ್ಲ. ಇದಕ್ಕೆ ಸಾಮಾಜಿಕ ಕಾರಣಗಳು ಹಲವಿರಬಹುದು; ಲಿಂಗಾಯತ ಸಮಾಜದ ವ್ಯಾಪ್ತಿ, ಜಾತಿಗಳ ಹಂಚಿಕೆಯ ಭೇದ ಮುಂತಾದವನ್ನು ಅಲ್ಲಗಳೆಯಲಾಗದು. ಸಂಖ್ಯೆಯೊಂದರಿಂದಲೇ ಚಳವಳಿಯ ಬೆಲೆ ಕಟ್ಟುವುದೂ ಸರಿಯಲ್ಲ. ಹಸಿವಿನ ಕಾಲದ ದೀಕ್ಷೆಯನ್ನು ಕುರಿತು ಅಂದೇ ಸಂಶಯಗಳು ಎದ್ದಿದ್ದವು. ಆದರೆ ಶಿಕ್ಷಣದ ದೃಷ್ಟಿಯಿಂದ ಈ ಭೇದ ಮನನೀಯ: ಒಂಗೋಲಿನಲ್ಲಿ ಮುಂದಾಳುತನ ಮೊದಲು ಬಂದು ಪಾಠ ಅದನ್ನು ಹಿಂಬಾಲಿಸಿತು, ನಮ್ಮಲ್ಲಿ ಪಾಠ ಮೊದಲು ಬಂದಿತು, ಮುಂದಾಳುತನ ಬಹುಕಾಲ ಬರಲೇ ಇಲ್ಲ.

1904ರಲ್ಲಿ ಲಂಡನ್ ಮಿಶನ್ ತನ್ನ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ವಹಿಸಿಕೊಟ್ಟ ಅನಂತರ ಕಿತ್ತೂರು ನಾಡಿನ ಉತ್ತರ ಮಗ್ಗುಲಿನಲ್ಲಿ ಬೇರೊಂದು ಕ್ರಮ ಕಾಣಿಸಿಕೊಂಡಿತು. ಮೆಥೊಡಿಸ್ಟರ ಪದ್ಧತಿಯಂತೆ ಸಾಮಾನ್ಯ ಸಭಿಕನೂ ಮೊದಲು ಪ್ರೋತ್ಸಾಹಕನಾಗಿ, ಅನಂತರ ಸ್ಥಳೀಯ ಬೋಧಕನಾಗಿ ಪರವಾನಿಗಿ ಪಡೆಯಬಹುದು. ಪರವಾನಿಗಿ ಕೊಡುವುದು ಸಭೆಯ ಪ್ರತಿನಿಧಿಗಳು ಕೂಡುವ ತ್ರೈಮಾಸಿಕ ಸಮ್ಮೇಳನ. ಅದನ್ನು ವರ್ಷವರ್ಷವೂ ನವೀಕರಿಸಬೇಕು, ನಿಗದಿಯಾದ ಪುಸ್ತಕಗಳನ್ನು ಓದಿ ಪರೀಕ್ಷೆ ಕೊಡಬೇಕು. ಹೊಲ ಬಿಡಬೇಕಾಗಿಲ್ಲ, ಊರು ಬಿಡಬೇಕಾಗಿಲ್ಲ. ಪಾಂಡಿತ್ಯದಲ್ಲಿ ಇವರು ಬಲ್ಮಠದವರಿಗೆ ಸಮನಾಗದಿರಬಹುದು. ಆದರೆ ಸಭೆಯೇ ತನ್ನ ಸೇವಕನನ್ನು ಆರಿಸಿ ಪರೀಕ್ಷಿಸುವ ಅಭ್ಯಾಸ ಈ ಕ್ರಮದಲ್ಲಿ ಬೆಳೆಯಲು ಎಡೆಯಿತ್ತು.

7

ಶಿಕ್ಷಣದ ನಿಜವಾದ ಪರೀಕ್ಷೆ ಪರೀಕ್ಷಾಮಂದಿರದಲ್ಲಿ ಆಗುವುದಿಲ್ಲ. 1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಸಭೆಗಳಿಗೆ ಅಂತಹ ಪರೀಕ್ಷೆ ಒದಗಿತು. ಜರ್ಮನಿಯ ಪ್ರಜೆಗಳಾಗಿದ್ದ ಮಿಶನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುರಾಷ್ಟ್ರದವರಾದರು. ಅವರಲ್ಲಿ ಅನೇಕರನ್ನು ಅಹಮದನಗರದ ಶಿಬಿರದಲ್ಲಿಟ್ಟು ಅನಂತರ ಸ್ವದೇಶಕ್ಕೆ ಕಳುಹಿಸಲಾಯಿತು. ಕಾರಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಎಂಟು ದಶಕಗಳ ಕಾಲ ಎಲ್ಲವನ್ನೂ ನಿಶ್ಚಯಿಸುತ್ತಿದ್ದ ಕೈಗಳು ಒಮ್ಮೆಲೇ ಇಲ್ಲವಾದವು. ಯುದ್ಧಾನಂತರ ಬಾಂಬೆ ಕರ್ನಾಟಕದ ಕೆಲಸವನ್ನು ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ಕೆಲಕಾಲ ನೋಡಿಕೊಂಡಿತು. 1927ರ ಸುಮಾರಿಗೆ ಅದು ಮತ್ತೆ ಬಾಸೆಲ್ ಮಿಶನ್ನಿನೊಡನೆ ಒಂದಾಯಿತು.

ಈ ವರ್ಷಗಳಲ್ಲಿ ಸಭೆಗಳು ಮುಚ್ಚಿಹೋಗಲಿಲ್ಲ. ಆರಾಧನೆ ನಡೆಯಿತು, ಮಕ್ಕಳಿಗೆ ಪಾಠವಾಯಿತು, ಮದುವೆ ಮಸಣಗಳ ಕಾರ್ಯ ನಿಲ್ಲಲಿಲ್ಲ. ಇದನ್ನೆಲ್ಲ ನಡೆಸಿದವರು ಸ್ಥಳೀಯ ಪಾಲಕರು, ಉಪದೇಶಿಗಳು, ಸಭಾಹಿರಿಯರು. ಬಲ್ಮಠದ ಶಿಕ್ಷಣ ವ್ಯರ್ಥವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆದರೆ ಪರೀಕ್ಷೆ ಕೊರತೆಯನ್ನೂ ತೋರಿಸಿತು. ನಿತ್ಯದ ಸೇವೆಯನ್ನು ಬಲ್ಲವರು ಇದ್ದರು. ಆಸ್ತಿ, ಹಣಕಾಸು, ಆಡಳಿತಗಳನ್ನು ನಡೆಸಿ ಬಲ್ಲವರು ವಿರಳ. ಅದು ಅವರ ಅಸಾಮರ್ಥ್ಯವಲ್ಲ. ಈಜು ಕಲಿಸುವೆನೆಂದು ಎಂಬತ್ತು ವರ್ಷ ದಡದ ಮೇಲೆಯೇ ಕೈಕಾಲು ಆಡಿಸಲು ಹೇಳಿದವರು, ಒಂದು ದಿನ ಹೊಳೆಗೆ ಇಳಿಸಿ ತಾವು ಹೊರಟುಹೋದಂತಾಯಿತು.

ಈ ಕೊರತೆಯನ್ನು ಮುಂಚಿತವಾಗಿಯೇ ಕಂಡವರಿದ್ದರು. ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಎಂಬವರು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಸ್ವಯಂಪೋಷಣೆ, ಸ್ವಯಂಶಾಸನ, ಸ್ವಯಂಪ್ರಸಾರ ಎಂಬ ಮೂರು ಲಕ್ಷಣಗಳಿಲ್ಲದ ಸಭೆ ಪೂರ್ಣ ಸಭೆಯಲ್ಲವೆಂದು ವಾದಿಸಿದ್ದರು. 1905ರ ಡಿಸೆಂಬರ್ 25ರಂದು ಶ್ರೀರಾಮಪುರದಲ್ಲಿಯೇ ಭಾರತೀಯ ಕ್ರೈಸ್ತರು ತಮ್ಮದೇ ಆದ ನ್ಯಾಶನಲ್ ಮಿಶನರಿ ಸೊಸೈಟಿಯನ್ನು ಸ್ಥಾಪಿಸಿದರು. ಅದರ ಸ್ಥಾಪಕರಲ್ಲೊಬ್ಬರಾದ ಅಜರಯ್ಯನವರು 1910ರ ಎಡಿನ್‌ಬರೋ ಸಮ್ಮೇಳನದಲ್ಲಿ, ತಮ್ಮ ಜನರಿಗೆ ಬೇಕಾಗಿರುವುದು ಪೋಷಕರಲ್ಲ, ಸ್ನೇಹಿತರು ಎಂಬ ಅರ್ಥದ ಮಾತನ್ನು ನೇರವಾಗಿ ಹೇಳಿದರು. ನಾಲ್ಕೇ ವರ್ಷಗಳಲ್ಲಿ ಯುದ್ಧ ಆ ಮಾತಿನ ಸತ್ಯವನ್ನು ಸ್ಥಾಪಿಸಿತು.

8

ಬಾಸೆಲ್ ಮಿಶನ್ನಿನ ಶಿಕ್ಷಣ ತನ್ನ ಎಲ್ಲೆಯನ್ನು ಮೀರಿ ಏನನ್ನು ಕೊಡಬಹುದಾಗಿತ್ತೆಂಬುದಕ್ಕೆ ಉತ್ತಂಗಿ ಚೆನ್ನಪ್ಪನವರು ನಿದರ್ಶನ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಶಿಕ್ಷಣ ಪಡೆದು, ಹೂವಿನಹಡಗಲಿಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಅವರು, ಜನರ ಧರ್ಮಜೀವನವನ್ನು ತಿಳಿಯದೆ ಜನರಿಗೆ ಬೋಧಿಸಲಾಗದೆಂದು ಬಗೆದರು. ಹಳ್ಳಿಹಳ್ಳಿ ತಿರುಗುತ್ತ, ಜನರ ಬಾಯಲ್ಲಿಯೂ ಓಲೆ ಕಾಗದಗಳಲ್ಲಿಯೂ ಇದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ, 1924ರಲ್ಲಿ ಎರಡು ಸಾವಿರದಷ್ಟು ವಚನಗಳ ಸಂಪಾದನೆಯನ್ನು ಪ್ರಕಟಿಸಿದರು. ಅನುಭವ ಮಂಟಪ ಇತ್ತೋ ಇಲ್ಲವೋ ಎಂಬ ವಿವಾದ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ 1951ರಲ್ಲಿ ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಸಂದಿತು. 1962ರಲ್ಲಿ ಅವರು ಕಾಲವಾದರು.

ಕಾಲಜ್ಞಾನಿಗಳ ಪ್ರಸಂಗದಲ್ಲಿ ಇಲ್ಲದಿದ್ದ ಮಧ್ಯವರ್ತಿ ಇವರೇ, ಶತಮಾನ ತಡವಾಗಿ ಬಂದವರು ಎಂದರೆ ಅತಿಶಯೋಕ್ತಿಯಾಗದು. ‘ನೀನು ಯಾರ ಮನುಷ್ಯ?’ ಎಂಬ ಪ್ರಶ್ನೆಗೆ ಚೆನ್ನಪ್ಪನವರು ತಮ್ಮ ಬಾಳಿನಿಂದ ಉತ್ತರ ಕೊಟ್ಟರು: ಅವರು ಕ್ರಿಸ್ತನ ಸೇವಕರಾಗಿಯೇ ಉಳಿದು ಕನ್ನಡ ಜನರ ಮನುಷ್ಯರಾದರು. ಲಿಂಗಾಯತ ವಿದ್ವಾಂಸರು ಅವರನ್ನು ತಮ್ಮವರೆಂದು ಗೌರವಿಸಿದರು. ಬಲ್ಮಠ ಅವರಿಗೆ ಓದುವ ಶಿಸ್ತನ್ನು ಕೊಟ್ಟಿತು. ಏನನ್ನು ಓದಬೇಕೆಂಬುದನ್ನು ಅವರು ಜನರಿಂದ ಕಲಿತರು.

9

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1965ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯೂ ತುಮಕೂರಿನ ಸಂಯುಕ್ತ ಕನ್ನಡ ಸೆಮಿನರಿಯೂ ಒಂದುಗೂಡಿ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ರೂಪುಗೊಂಡಿತು. ಅದು ಪದವಿ ಪಡೆಯುವುದು ಶ್ರೀರಾಮಪುರ ಕಾಲೇಜಿನ ಸೆನೆಟಿನಿಂದ. ಬ್ಯಾಪ್ಟಿಸ್ಟರು 1805ರಲ್ಲಿ ಬರೆದುಕೊಂಡ ವಿಚಾರ ಹೀಗೆ ಸುತ್ತುಬಳಸಿ ಕನ್ನಡ ನಾಡನ್ನು ಸೇರಿತು. 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಟಾಫ್ಟೀ ಎಂಬ ಸಂಸ್ಥೆ, 1963ರಲ್ಲಿ ಗ್ವಾಟೆಮಾಲಾ ದೇಶದಲ್ಲಿ ಆರಂಭವಾದ ಕ್ರಮವನ್ನು ಅನುಸರಿಸಿ, ಸಭಿಕರು ಉದ್ಯೋಗ ಊರುಗಳನ್ನು ಬಿಡದೆ ಮನೆಯಲ್ಲಿಯೇ ಓದಿ, ವಾರಕ್ಕೊಮ್ಮೆ ಕೂಡಿ ಚರ್ಚಿಸಿ ಸೇವಾಶಿಕ್ಷಣ ಪಡೆಯುವಂತೆ ಮಾಡಿತು. ಘಟ್ಟ ಇಳಿಯಬೇಕಾದ ಅಗತ್ಯ ಇದರಿಂದ ತಪ್ಪಿತು. ಇಂದು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ಧರ್ಮಪ್ರಾಂತಕ್ಕೆ ಧಾರವಾಡವೇ ಕೇಂದ್ರವಾಗಿದ್ದು, ಅದನ್ನು ನಡೆಸುವವರು ಈ ನಾಡಿನವರೇ ಆಗಿದ್ದಾರೆ.

ಮೇಲಿನ ಸಮೀಕ್ಷೆಯಿಂದ ಹೊರಡುವ ನಿರ್ಣಯ ಇಷ್ಟು. ಕಿತ್ತೂರು ನಾಡಿನ ಉಪದೇಶಿಗಳಿಗೆ ದೊರೆತ ಶಿಕ್ಷಣ ಉತ್ತಮವಾದದ್ದೇ. ಕನ್ನಡವನ್ನು ಮಾಧ್ಯಮವಾಗಿಸಿದುದು ಅದರ ಚಿರಕೀರ್ತಿ. ಆದರೆ ಸೇವೆಯ ಶಿಕ್ಷಣವೆಂದರೆ ಕೆಲಸ ಮಾಡುವ ಶಿಕ್ಷಣ ಮಾತ್ರವಲ್ಲ, ನಿಶ್ಚಯಿಸುವ ಶಿಕ್ಷಣವೂ ಹೌದು. ನಿಶ್ಚಯಿಸುವುದನ್ನು ನಿಶ್ಚಯಿಸಿಯೇ ಕಲಿಯಬೇಕಲ್ಲದೆ ಪುಸ್ತಕದಿಂದ ಕಲಿಯಲಾಗದು. ಹೊಣೆ ಹೊರಲು ಇವರಿನ್ನೂ ಸಿದ್ಧರಾಗಿಲ್ಲ ಎಂಬ ಮಾತು, ಹೊಣೆಯನ್ನು ಕೊಡದಿರುವವರೆಗೆ, ಎಂದೆಂದಿಗೂ ನಿಜವಾಗಿಯೇ ಉಳಿಯುತ್ತದೆ. ಇದು ಕ್ರೈಸ್ತಸಭೆಗಳಿಗೆ ಮಾತ್ರ ಅನ್ವಯಿಸುವ ಪಾಠವಲ್ಲ. ಪರರಾಳ್ವಿಕೆಯಲ್ಲಿ ಒಂದು ದೇಶವೇ ಇದೇ ಮಾತನ್ನು ಬಹುಕಾಲ ಕೇಳಬೇಕಾಯಿತು.

ಕೊನೆಯದಾಗಿ ಒಂದು ಮಾತು. ಮಿಶನರಿಗಳ ವರದಿಗಳು ಬಾಸೆಲ್ ಲಂಡನ್‌ಗಳ ಸಂಗ್ರಹಗಳಲ್ಲಿ ಸುರಕ್ಷಿತವಾಗಿವೆ. ಉಪದೇಶಿಗಳು ತಮ್ಮ ಕೈಯಾರೆ ಬರೆದಿಟ್ಟ ದೀಕ್ಷಾಸ್ನಾನದ ವಹಿಗಳು, ಸಭೆಯ ನಡಾವಳಿಗಳು, ಲೆಕ್ಕದ ಪುಸ್ತಕಗಳು ಹಳ್ಳಿಪಟ್ಟಣಗಳ ದೇವಾಲಯಗಳ ಪೆಟ್ಟಿಗೆಗಳಲ್ಲಿ ಗೆದ್ದಲಿಗೂ ಮಳೆಗೂ ಒಡ್ಡಿಕೊಂಡಿವೆ. ಅವು ಮಿಶನ್ನಿಗೆ ಕಳುಹಿಸಲು ಬರೆದವಲ್ಲ. ತಮ್ಮ ಜನರಿಗಾಗಿ ಬರೆದವು. ಅವನ್ನು ಸಂಗ್ರಹಿಸಿ, ಪಟ್ಟಿಮಾಡಿ, ಓದುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ ಈ ನಾಡಿನ ಇತಿಹಾಸದಲ್ಲಿ ಇದುವರೆಗೆ ಬೇರೆಯವರ ಬಾಯಿಂದಲೇ ಮಾತನಾಡಿದ ಉಪದೇಶಿಗಳು ತಮ್ಮ ದನಿಯಲ್ಲಿಯೇ ಮಾತನಾಡುವಂತಾದೀತು.